ಹೊಂಗೆ ಮರದ ಕಾಗೆ ಮತ್ತು ಹೆಣ್ಣು ನೋಡುವ ಶಾಸ್ತ್ರ

ಕಳೆದ ಬೇಸಿಗೆಯಲ್ಲಿ ನಮ್ಮ ಯಜಮಾನರು ಬೆಳಗಿನ ಹಾಲು ತರಲು ಹೆಲ್ಮೆಟ್ ಹಾಕಿಕೊಂಡು ಹೋಗುತ್ತಿದ್ದರು. ಗಾಡಿಯಲ್ಲಲ್ಲ, ನಡೆದುಕೊಂಡೇ. ಅದೂ ದೂರವೇನಲ್ಲ, ನಮ್ಮದೇ ಗೇಟಿನವರೆಗೆ. ಹಾಲಿನವನು ಗೇಟಿಗೆ ಕಟ್ಟಿದ ಚೀಲದಲ್ಲಿ ಪ್ಯಾಕೆಟ್ಟು ಹಾಕಿ ಹೋಗಿರುತ್ತಾನೆ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ತೋಳಿಲ್ಲದ ಬನಿಯನ್ನು, ಅದರ ಮೇಲೆ ಕಪ್ಪು ಹೆಲ್ಮೆಟ್ಟು, ಮುಖದ ಮೇಲೆ ಎಳೆದುಕೊಂಡ ಗಾಜು. ಈ ವೇಷದಲ್ಲಿ ಅವರು ಮೆಟ್ಟಿಲಿಳಿದು, ಮರದ ಕಡೆ ಒಮ್ಮೆ ಓರೆಗಣ್ಣು ಹಾಯಿಸಿ, ಚೀಲಕ್ಕೆ ಕೈ ಹಾಕಿ ಓಡಿ ಬರುವುದನ್ನು ನೋಡಲೆಂದೇ ಎದುರು ಮನೆಯವರು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬರುತ್ತಿದ್ದರು. ಗಂಡನನ್ನು ಬೀದಿಯವರೆಲ್ಲ ನೋಡಿ ನಗುವಾಗ ಹೆಂಡತಿಯಾದವಳು ಒಳಗೆ ನಿಂತು ಮರುಗಬೇಕೆಂಬುದು ಧರ್ಮ. ನಾನು ಧರ್ಮ ಬಿಟ್ಟು ಕಿಟಕಿಯ ಬಳಿ ನಿಂತು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆ.

ಕಾರಣ, ಗೇಟಿನ ಪಕ್ಕದ ಹೊಂಗೆ ಮರದಲ್ಲಿ ಗೂಡು ಕಟ್ಟಿದ್ದ ಕಾಗೆ. ಅದು ಗೂಡಿಗೆ ಕಡ್ಡಿ ಹೊರುವ ಮುಂಚೆ, ಯುಗಾದಿಯ ಆಸುಪಾಸಿನಲ್ಲಿ, ನಮ್ಮವರು ಕರೆಂಟು ತಂತಿಗೆ ತಾಗುತ್ತದೆಂದು ಒಂದು ಕೊಂಬೆ ಕಡಿದಿದ್ದರು. ಆ ಕೊಂಬೆಯ ಮೇಲೆ ಕಾಗೆ ಏನು ಲೆಕ್ಕಾಚಾರ ಹಾಕಿಕೊಂಡಿತ್ತೋ ದೇವರೇ ಬಲ್ಲ. ಅಂದಿನಿಂದ ಇವರ ಮುಖ ಅದರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಮೊಟ್ಟೆಯಿಟ್ಟ ಮೇಲಂತೂ ಇವರು ಹೊಸ್ತಿಲು ದಾಟುವುದೇ ತಡ, ಸದ್ದಿಲ್ಲದೆ ಹಿಂದಿನಿಂದ ಬಂದು ನಡುನೆತ್ತಿಗೆ ಎರಡೂ ಕಾಲಲ್ಲಿ ಒದ್ದು ಮೇಲೇರಿಬಿಡುತ್ತಿತ್ತು. ನೆತ್ತಿಯ ಮೇಲೆ ಕೂದಲು ದಂಡಿಯಾಗಿದ್ದವರಿಗೆ ಇದರ ನೋವು ತಿಳಿಯದು. ನಮ್ಮವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಮರಿಯಾದ ಮೇಲೆ ಕಾಗೆ ತನ್ನ ವೈರವನ್ನು ವಿಸ್ತರಿಸಿತು. ಹೂವಿನವಳು, ಕೊರಿಯರ್‌ನವನು, ದಾರಿ ಕೇಳಲು ನಿಂತ ಪಾಪದವರು, ಯಾರಿಗೂ ವಿನಾಯಿತಿಯಿಲ್ಲ.

ನೀವೂ ನಮ್ಮ ಹಾಗೆ ಬೆಚ್ಚಗಿನ ಊರಿನವರಾದರೆ ಬಾಗಿಲು ತೆರೆದಿಟ್ಟು ಬದುಕುವುದರ ಸುಂಕ ಎಷ್ಟೆಂದು ನಿಮಗೆ ಗೊತ್ತೇ ಇರುತ್ತದೆ. ಚಳಿಯ ದೇಶದವರು ಆರು ತಿಂಗಳು ಕದವಿಕ್ಕಿಕೊಂಡು ಒಳಗಿರುತ್ತಾರಂತೆ. ನಮಗೆ ಒಳಗಿರುವುದೇ ಒಂದು ಶಿಕ್ಷೆ. ಹಲ್ಲುಜ್ಜುವುದು ಅಂಗಳದಲ್ಲಿ, ಪೇಪರು ಓದುವುದು ಜಗುಲಿಯಲ್ಲಿ, ಸೊಪ್ಪು ಬಿಡಿಸುವುದು ಹಿತ್ತಿಲಿನಲ್ಲಿ, ಜಗಳವಾಡುವುದು ಗೇಟಿನಲ್ಲಿ. ನಾವು ಹೊರಗೆ ಬಂದಷ್ಟೂ ಹೊರಗಿನದು ಒಳಗೆ ಬರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೋರಿಯ ಕಡೆಯಿಂದ ಸೊಳ್ಳೆಗಳ ಸಂಗೀತ. ಮೊದಲ ಮಳೆಯ ಮಾರನೆಯ ಸಂಜೆ ಟ್ಯೂಬ್‌ಲೈಟಿನ ಸುತ್ತ ಈಸಲು ಹುಳುಗಳ ಮೆರವಣಿಗೆ, ಬೆಳಗ್ಗೆ ಗುಡಿಸಿದರೆ ಮೊರದ ತುಂಬ ಬರಿಯ ರೆಕ್ಕೆ. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟರೂ ಸೇತುವೆ ಕಟ್ಟಿ ದಾಟುವ ಇರುವೆ. ಒಣಹಾಕಿದ ಹಪ್ಪಳವನ್ನು ನಮಗಿಂತ ಮೊದಲು ರುಚಿ ನೋಡುವ ಅಳಿಲು. ಹೊಂಗೆಯಾದರೂ ಸಾಮಾನ್ಯವೇ? ಹೂ ಬಿಡುವ ಕಾಲದಲ್ಲಿ ಅಂಗಳದ ತುಂಬ ಪುರಿ ಚೆಲ್ಲಿದಂತೆ ಉದುರಿಸಿ, ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ಸೇರು ಉದುರಿಸುತ್ತದೆ. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ನೆರಳಿಗೆ ಬಂದು ನಿಂತಾಗ, ಇಷ್ಟು ತಂಪು ಕೊಡುವವಳ ಬೈಗುಳವನ್ನೂ ಕೇಳಬಹುದು ಅನಿಸುತ್ತದೆ.

ಕಾಗೆ ನಮ್ಮ ಮನೆಯಲ್ಲಿ ಒಬ್ಬಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವಳು ನನ್ನ ತಂಗಿ ವಸುಧಾ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಅವಳೂ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಗೇ ಬಂದು ಇದ್ದಾರೆ. ಬೆಳಗ್ಗೆ ಎದ್ದವಳೇ ಗೇಟಿನ ಬಳಿಯ ಕಲ್ಲುಬಾನಿಗೆ ಹಕ್ಕಿಗಳಿಗೆಂದು ನೀರು ತುಂಬುತ್ತಾಳೆ. ಹಳೆಯ ಚೂಡಿದಾರ, ಒಂದು ರಬ್ಬರಿನಿಂದ ಬಿಗಿದ ಜುಟ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಕಾಗೆ ಕೊಂಬೆಯ ಮೇಲೆ ಕೂತು ಕತ್ತು ಓರೆ ಮಾಡಿ ಇವಳನ್ನು ನೋಡುತ್ತಿತ್ತು, ಸುಮ್ಮನಿರುತ್ತಿತ್ತು. "ಕಾಗೆಗೆ ಮುಖ ನೆನಪಿರುತ್ತೆ ಭಾವ, ನೀವು ಸಾರಿ ಕೇಳ್ಬೇಕಿತ್ತು" ಎಂದು ಅವಳು ನಮ್ಮವರನ್ನು ರೇಗಿಸುತ್ತಿದ್ದಳು.

ವಸುಧೆಗೆ ನಲವತ್ತು ಹತ್ತಿರವಾಗಿತ್ತು. ಮದುವೆಯ ಮಾತನ್ನು ನೆಂಟರು ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಆಡಿ, ಕೊನೆಗೆ ಮರೆತೇಬಿಟ್ಟಿದ್ದರು. ಅಮ್ಮನೂ ಮರೆತವಳಂತೆ ನಟಿಸುತ್ತಿದ್ದಳು. ಹೀಗಿರುವಾಗ ಒಂದು ಭಾನುವಾರ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಾ, ನಾಳೆ ರಜೆ ಎನ್ನುವಷ್ಟೇ ಸಹಜವಾಗಿ, "ಅಕ್ಕಾ, ನಮ್ಮ ಕಾಲೇಜಲ್ಲಿ ಮೋಹನ್ ಅಂತ ಇದಾರೆ, ಕೆಮಿಸ್ಟ್ರಿ. ನಾವಿಬ್ರೂ ಮದ್ವೆ ಆಗೋಣ ಅಂತಿದೀವಿ" ಎಂದಳು. ನನ್ನ ಕೈಯಲ್ಲಿದ್ದ ಚಾಕು ನೆಲಕ್ಕೆ ಬಿತ್ತು. ಅಮ್ಮ ದೇವರ ಕೋಣೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆದರೆ ಒಂದು ತೊಡಕಿತ್ತು. ಮೋಹನ್ ಇವಳಿಗಿಂತ ಎರಡು ವರ್ಷ ಚಿಕ್ಕವನು. ಕುರುಬರಹಳ್ಳಿಯಲ್ಲಿ ತಾಯಿ ಮಗ ಇಬ್ಬರೇ ಇರುವ ಮನೆ. ತಾಯಿ ಶಕುಂತಲಮ್ಮ ಶಾಸ್ತ್ರ ಸಂಪ್ರದಾಯದಲ್ಲಿ ಗಟ್ಟಿ ಹೆಂಗಸು. "ವಯಸ್ಸಲ್ಲಿ ದೊಡ್ಡೋಳು ಬೇಡ" ಎಂದು ಅವರು ಒಂದೇ ಮಾತಿನಲ್ಲಿ ಬಾಗಿಲು ಹಾಕಿದ್ದರು. ಮಗ ತಾಯಿಯ ಮಾತು ಮೀರಲಿಲ್ಲ, ಬೇರೆ ಹುಡುಗಿಯನ್ನು ನೋಡಲೂ ಒಪ್ಪಲಿಲ್ಲ. ಇವಳೂ "ಅವ್ರಮ್ಮ ಮನಸಾರೆ ಬಾ ಅನ್ನದ ಮನೆಗೆ ನಾನು ಹೋಗಲ್ಲ" ಎಂದು ಕೂತಳು. ಹೀಗೆ ಚಳಿಗಾಲ ಕಳೆದು ಬೇಸಿಗೆ ಬಂತು. ಮೇ ತಿಂಗಳಲ್ಲಿ ಒಂದು ದಿನ ಶಕುಂತಲಮ್ಮ ಮಗನಿಗೆ, "ಒಂದು ಸಲ ಹೋಗಿ ನೋಡ್ಕೊಂಡ್ ಬರ್ತೀನಿ. ಅದಾದ್ಮೇಲೂ ಬೇಡ ಅಂದ್ರೆ ನೀನು ಈ ಮಾತೆತ್ತಬಾರ್ದು" ಎಂದರಂತೆ. ಬರುವ ಭಾನುವಾರ ಎಂದು ಗೊತ್ತಾಯಿತು. ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕೂಗುತ್ತಿದ್ದ ಕಾಲ.

ಕಾಗೆ ತಲೆಗೆ ಬಡಿಯುವುದು ಎಂಥ ಅಪಶಕುನ ಎಂಬುದನ್ನು ನಮ್ಮಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶನಿದೇವರ ವಾಹನ, ಬಡಿದರೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಳ್ಳಬೇಕು, ಎಳ್ಳೆಣ್ಣೆ ದೀಪ ಹಚ್ಚಬೇಕು. ನಮ್ಮವರು ಕೊಂಬೆ ಕಡಿದ ಪಾಪಕ್ಕೆ ಅಷ್ಟು ಹೊತ್ತಿಗಾಗಲೇ ಹಲವು ಬಾಟಲಿ ಎಳ್ಳೆಣ್ಣೆ ಖರ್ಚಾಗಿತ್ತು.

"ಭಾನುವಾರದೊಳಗೆ ಆ ಗೂಡು ತೆಗೆಸ್ಬಿಡಿ" ಎಂದಳು ಅಮ್ಮ ಅಳಿಯನಿಗೆ.

"ಯಾರೂ ಗೂಡು ಮುಟ್ಟೋ ಹಾಗಿಲ್ಲ" ಎಂದಳು ವಸುಧಾ. "ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲಮ್ಮ."

"ನಿನ್ನ ಮದ್ವೆ ದೊಡ್ಡದೋ, ಕಾಗೆ ಮರಿ ದೊಡ್ಡದೋ?"

"ನನ್ನ ಮದ್ವೆ ಇನ್ನೊಂದು ವಾರ ಕಾಯತ್ತೆ. ಮರಿ ಕಾಯಲ್ಲ."

"ಅವ್ರ ತಲೆಗೆ ಬಡಿದ್ರೆ ಆಮೇಲೆ ಯಾವ ವಾರನೂ ಇಲ್ಲ ಕಣೇ!" ಅಮ್ಮನ ದನಿ ನಡುಗಿತು. ಮರೆತಂತೆ ನಟಿಸುತ್ತಿದ್ದ ಇಷ್ಟು ವರ್ಷದ ಆಸೆಯೆಲ್ಲ ಆ ಒಂದು ನಡುಕದಲ್ಲಿತ್ತು. ವಸುಧಾ ಎದ್ದು ಬಂದು ಅಮ್ಮನ ಕೈ ಹಿಡಿದಳು. ಆದರೆ ಗೂಡಿನ ವಿಷಯದಲ್ಲಿ ಸೋಲಲಿಲ್ಲ.

ಕೊನೆಗೆ ನಮ್ಮವರೇ ಒಂದು ದಾರಿ ಕಂಡುಹಿಡಿದರು. ಕಾರು ಗೇಟಿನ ಮುಂದೆ ನಿಲ್ಲುತ್ತದೆ. ಅಪ್ಪನ ಕಾಲದ ದೊಡ್ಡ ಕೊಡೆ ಬಿಚ್ಚಿಕೊಂಡು ತಾವೇ ಹೋಗಿ, ಶಕುಂತಲಮ್ಮನವರನ್ನು ಅದರ ಕೆಳಗೆ ಕರೆತರುವುದು. ಬಿಸಿಲಿಗೆ ಕೊಡೆ ಹಿಡಿದರು ಎಂದು ಅವರಿಗೆ ಮರ್ಯಾದೆಯೂ ಆಗುತ್ತದೆ, ಕಾಗೆಗೆ ನೆತ್ತಿಯೂ ಸಿಗುವುದಿಲ್ಲ. ಈ ಯುಕ್ತಿಗೆ ಅಮ್ಮ ಅಳಿಯನನ್ನು ಮೊದಲ ಸಲ ಬಾಯಿತುಂಬ ಹೊಗಳಿದಳು.

ಭಾನುವಾರ ಬಂತು. ಅಮ್ಮ ಬೆಳಗಿನಿಂದಲೇ ಅಂಬೊಡೆಗೆ ಬೇಳೆ ನೆನೆಹಾಕಿ, ಮಾವಿನಹಣ್ಣಿನ ಸೀಕರಣೆ ಮಾಡಿಟ್ಟಿದ್ದಳು. ನಾನು ವಸುಧೆಗೆ ನನ್ನ ನೇರಳೆ ಬಣ್ಣದ ರೇಷ್ಮೆ ಸೀರೆ ಉಡಿಸಿದೆ. ಅವಳ ಕಿವಿಯ ಹಿಂದೆ ಒಂದು ಹಿಡಿ ಕೂದಲು ಬೆಳ್ಳಗಾಗಿದೆ. ಬಣ್ಣ ಹಚ್ಚಿಕೋ ಎಂದರೆ ಕೇಳಲಿಲ್ಲ. ಹಾಗಾಗಿ ಎರಡು ಮೊಳ ಮಲ್ಲಿಗೆಯನ್ನು ಸರಿಯಾಗಿ ಆ ಜಾಗದ ಮೇಲೇ ಇಳಿಬಿಟ್ಟು ಮುಡಿಸಿದೆ. ಕನ್ನಡಿಯಲ್ಲಿ ನೋಡಿಕೊಂಡು, "ಇವಳ್ಯಾರಕ್ಕ?" ಎಂದಳು. ನನಗೂ ಗುರುತು ಸಿಕ್ಕಿರಲಿಲ್ಲ, ಹೇಳಲಿಲ್ಲ ಅಷ್ಟೆ.

ನಾವು ಯೋಚಿಸದಿದ್ದದ್ದು ನಮ್ಮ ರಸ್ತೆಯ ವಿಷಯ. ಹಿಂದಿನ ದಿನ ಯಾರೋ ಬಂದು ಪೈಪಿಗೆಂದು ತಿರುವಿನಲ್ಲಿ ಅಗೆದು ಮಣ್ಣು ಗುಡ್ಡೆ ಹಾಕಿ ಹೋಗಿದ್ದರು. ಕಾರು ಒಳಗೆ ಬರಲಾಗದೆ, ಮೋಹನ್ ತಾಯಿಯನ್ನು ತಿರುವಿನಲ್ಲಿ ಇಳಿಸಿ, "ಇಲ್ಲೇ ನಿಂತಿರಮ್ಮ, ಗಾಡಿ ಹಾಕಿ ಬರ್ತೀನಿ" ಎಂದು ಹೋಗಿದ್ದಾನೆ. ಬಿಸಿಲಲ್ಲಿ ನಿಲ್ಲುವುದೇಕೆಂದು ಶಕುಂತಲಮ್ಮ ತಾವೇ ಮನೆ ನಂಬರು ನೋಡುತ್ತಾ ನಡೆದು ಬಂದಿದ್ದಾರೆ. ನಮ್ಮವರು ಕೊಡೆ ಹಿಡಿದು ಜಗುಲಿಯಲ್ಲಿ ಕಾರಿನ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದರೆ, ಇತ್ತ ಎಲೆಹಸಿರು ರೇಷ್ಮೆ ಸೀರೆಯ, ಅರಿಶಿನ ಬಣ್ಣದ ಅಂಚಿನ, ಎತ್ತರದ ನಿಲುವಿನ ಹೆಂಗಸೊಬ್ಬರು ಗೇಟಿನ ಚಿಲಕಕ್ಕೆ ಕೈ ಹಾಕಿದರು. ಕಿಟಕಿಯಿಂದ ನಾನು ಅದನ್ನು ನೋಡಿದ್ದೂ, ಕೂಗಬೇಕೆಂದು ಬಾಯಿ ತೆರೆದದ್ದೂ, ಕೊಂಬೆಯಿಂದ ಕಪ್ಪು ಮಿಂಚು ಕಳಚಿಕೊಂಡದ್ದೂ ಒಟ್ಟಿಗೇ ಆಯಿತು.

ಠಪ್ಪೆಂದು ಬಿತ್ತು ಪೆಟ್ಟು. ಸರಿಯಾಗಿ ನೆತ್ತಿಗೆ. ಶಕುಂತಲಮ್ಮ "ಅಯ್ಯೋ ರಾಮಾ!" ಎಂದು ಕುಸಿದು ಕೂತರು.

ನಮ್ಮವರು ಕೊಡೆ ಬಿಚ್ಚಲು ಹೋದರೆ ಅದು ತುಕ್ಕು ಹಿಡಿದು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ನನ್ನ ಪಕ್ಕದಿಂದ ಏನೋ ನೇರಳೆ ಬಣ್ಣದ್ದು ಬಿರುಗಾಳಿಯಂತೆ ಹಾದುಹೋಯಿತು. ವಸುಧಾ ನೆರಿಗೆ ಎತ್ತಿ ಹಿಡಿದು ಬರಿಗಾಲಲ್ಲಿ ಓಡಿದ್ದಳು. ಕಾಗೆ ಸುತ್ತು ಹಾಕಿ ಎರಡನೆಯ ಸಲ ಇಳಿಯುವ ಹೊತ್ತಿಗೆ ಅವಳು ಶಕುಂತಲಮ್ಮನವರ ಮೇಲೆ ಬಾಗಿ, ಎರಡು ಕೈಯಲ್ಲೂ ಅವರ ತಲೆಯನ್ನು ಮುಚ್ಚಿ ಹಿಡಿದಿದ್ದಳು. ತನ್ನನ್ನು ಕಾಗೆ ಮುಟ್ಟುವುದಿಲ್ಲವೆಂಬ ಧೈರ್ಯ ಅವಳಿಗೆ. ಆದರೆ ದಿನವೂ ನೀರು ಹಾಕುವ ಚೂಡಿದಾರದವಳಿಗೂ ರೇಷ್ಮೆ ಉಟ್ಟು ಮಲ್ಲಿಗೆ ಮುಡಿದ ಈ ಅಲಂಕಾರವತಿಗೂ ಏನು ಸಂಬಂಧವೆಂದು ಕಾಗೆಗೆ ಹೇಗೆ ತಿಳಿಯಬೇಕು? ಅದು ಇವಳ ತಲೆಗೂ ಬಡಿಯಿತು. ಮಲ್ಲಿಗೆಯ ದಂಡೆ ಹರಿದು ಅರ್ಧ ನೆಲಕ್ಕೆ ಬಿತ್ತು, ಅರ್ಧವನ್ನು ಕಾಲಲ್ಲಿ ಸಿಕ್ಕಿಸಿಕೊಂಡೇ ಅದು ಮರವೇರಿತು.

ಇಬ್ಬರನ್ನೂ ಜಗುಲಿಗೆ ಕರೆತಂದೆವು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೆಣ್ಣು ನೋಡಲು ಬಂದವರಿಗೆ ಹೆಣ್ಣಿನ ಮನೆಯ ಗೇಟಿನಲ್ಲೇ ಕಾಗೆ ಬಡಿಯಿತು. ಇದಕ್ಕಿಂತ ದೊಡ್ಡ ಅಪಶಕುನವನ್ನು ಪಂಚಾಂಗ ಬರೆಯುವವರೂ ಕಲ್ಪಿಸಿರಲಾರರು. ಶಕುಂತಲಮ್ಮ ಕಣ್ಣು ಮುಚ್ಚಿ ಏನೋ ಜಪಿಸಿದರು. ಆಮೇಲೆ ಕಣ್ಣು ತೆರೆದು, ಮೊದಲ ಮಾತಾಗಿ ಕೇಳಿದ್ದು ಇದು:

"ಬಚ್ಚಲುಮನೆ ಯಾವ ಕಡೆ?"

ಒಳಗೆ ಕಾಲಿಡುವ ಮುಂಚೆ ಸ್ನಾನವಾಗಲೇಬೇಕು ಎಂದರು. ಮನೆಯ ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋಗಿ, ಅಲ್ಲಿನ ಹಳೆಯ ಬಚ್ಚಲಲ್ಲಿ ಉಟ್ಟ ರೇಷ್ಮೆಯಲ್ಲೇ ಕೂತು ತಲೆಗೆ ತಣ್ಣೀರು ಸುರಿದುಕೊಂಡರು. ಅಮ್ಮ ಹೊರಗಿನಿಂದಲೇ "ಇನ್ನೊಂದು ಚೊಂಬು ಹಾಕ್ಕೊಳಿ, ನೆತ್ತಿಗೆ ಹಾಕ್ಕೊಳಿ" ಎನ್ನುತ್ತಾ, ತನ್ನ ಮಗಳ ಭಾಗ್ಯವೆಲ್ಲ ಆ ನೀರಿನ ಜೊತೆ ಹರಿದುಹೋಗುತ್ತಿದೆಯೇನೋ ಎಂಬಂತೆ ಮೋರಿಯನ್ನೇ ನೋಡುತ್ತಿದ್ದಳು. ವಸುಧಾ ಹೊರಗಿನ ಮೆಟ್ಟಿಲು ಹತ್ತಿ ಮೇಲಿನ ಬಚ್ಚಲಿಗೆ ಹೋದಳು.

ಅಷ್ಟರಲ್ಲಿ ಮೋಹನ್ ಹಣ್ಣು ಹೂವಿನ ಚೀಲ ಹಿಡಿದು ಬಂದ. ನಮ್ಮವರು ಅರ್ಧ ತೆರೆದ ಕೊಡೆಯನ್ನು ಅವನ ತಲೆಗೆ ಹಿಡಿದು ಹೇಗೋ ಜಗುಲಿಗೆ ಹತ್ತಿಸಿಕೊಂಡರು.

"ಅಮ್ಮ ಬಂದ್ರಾ ಸಾರ್?"

"ಬಂದ್ರು. ಸ್ನಾನ ಮಾಡ್ತಾ ಇದಾರೆ."

ಮೋಹನ್ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. "ವಸುಧಾ?"

"ಅವಳೂ ಸ್ನಾನ ಮಾಡ್ತಾ ಇದಾಳೆ. ನೀವು ಕೂತ್ಕೊಳಿ."

ಪಾಪ, ಕೆಮಿಸ್ಟ್ರಿ ಮೇಷ್ಟರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು. ನಮ್ಮ ಮನೆಯ ಪದ್ಧತಿಯೇ ಹೀಗಿರಬಹುದು, ಬಂದವರನ್ನೆಲ್ಲ ಮೀಯಿಸಿ ಒಳಗೆ ಬಿಡುತ್ತಾರೆ, ಮುಂದಿನ ಸರದಿ ತನ್ನದೇ ಎಂದುಕೊಂಡರಂತೆ. ಆಮೇಲೆ ಹೇಳಿ ನಕ್ಕರು.

ಹಿತ್ತಿಲ ಬಚ್ಚಲಿನೊಳಗಿಂದ ಶಕುಂತಲಮ್ಮನವರ ದನಿ ಬಂತು: "ಉಟ್ಕೊಳ್ಳೋಕೆ ಏನಾದ್ರೂ ಕೊಡ್ತೀರಾ?"

ನಾನು ಬೀರುವಿನಿಂದ ಹೊಸ ಸೀರೆ ತೆಗೆಯಲು ಹೋದೆ. ಅಮ್ಮ ತಡೆದಳು. ಮೈ ಒದ್ದೆಯಿದ್ದಾಗ ಹೊಸದು ಮೈಗೆ ಹತ್ತುವುದಿಲ್ಲ, ಚುಚ್ಚುತ್ತದೆ ಎಂದು ತಾನು ದಿನವೂ ಉಡುವ, ಒಗೆದು ಒಗೆದು ಹತ್ತಿಯಂತಾದ ಬೂದು ಬಣ್ಣದ ನೂಲಿನ ಸೀರೆ ಕೊಟ್ಟಳು. ಶಕುಂತಲಮ್ಮ ತೆಳ್ಳಗೆ, ಅಮ್ಮ ದಪ್ಪ. ಅಮ್ಮನ ರವಿಕೆಯಲ್ಲಿ ಅವರು ಚೀಲಕ್ಕೆ ಹಾಕಿದ ನುಗ್ಗೇಕಾಯಿಯಂತೆ ಕಾಣುತ್ತಿದ್ದರು. ನಾನು ಎರಡು ಕಡೆ ಪಿನ್ನು ಹಾಕಿ ಬಿಗಿ ಮಾಡಿದೆ. ಎಳ್ಳೆಣ್ಣೆ ದೀಪ ಹಚ್ಚಿದ್ದಾಯಿತು. ಅವರು ಹಿತ್ತಿಲ ಮೆಟ್ಟಿಲಿನ ಬಿಸಿಲಲ್ಲಿ ಕೂದಲು ಹರಡಿಕೊಂಡು ಕೂತರು. ಹಳೆಯ ಚೂಡಿದಾರದ ವಸುಧಾ ಒದ್ದೆ ತಲೆಯಲ್ಲೇ ಇಳಿದು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಗೆಯುವ ಕಲ್ಲಿನ ಬಳಿ ನಿಂತಳು.

"ಕ್ಷಮಿಸ್ಬೇಕು" ಎಂದಳು. "ಗೂಡು ತೆಗೆಸ್ತೀವಿ ಅಂದ್ರು ಇವ್ರೆಲ್ಲ. ನಾನೇ ಬೇಡ ಅಂದೆ. ಮರಿಗಳಿವೆ."

ಅಮ್ಮ ನನ್ನ ಕೈ ಚಿವುಟಿದಳು. ಈಗಲೇ ಹೇಳಬೇಕಿತ್ತೇ ಇವಳು!

ಶಕುಂತಲಮ್ಮ ಅವಳ ಕಡೆ ತಿರುಗಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ಅವರು ನಗುತ್ತಿದ್ದರು.

"ನಮ್ಮಜ್ಜಿಗೂ ಹೀಗೇ ಬಡಿದಿತ್ತು" ಎಂದರು. "ಆಗ ಏನು ಮಾಡ್ತಿದ್ರು ಗೊತ್ತಾ? ಬಡಿಸ್ಕೊಂಡೋರು ಸತ್ತೋದ್ರು ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸೋರು. ಅವ್ರು ಅತ್ತುಬಿಟ್ರೆ ದೋಷ ಕಳೀತು ಅಂತ. ನಮ್ಮಜ್ಜಿ ಸುದ್ದಿ ಕೇಳಿ ಅವ್ರ ತಮ್ಮ ಎದೆ ಬಡ್ಕೊಂಡು ಬಸ್ಸಲ್ಲಿ ಬಂದ. ಬಂದು ನೋಡಿದ್ರೆ ಅಕ್ಕ ಒಲೆ ಮುಂದೆ ಕೂತು ಒಬ್ಬಟ್ಟು ಬೇಯಿಸ್ತಾ ಇದಾಳೆ! ಬಂದ ಸಿಟ್ಟಿಗೆ ಎಷ್ಟು ಒಬ್ಬಟ್ಟು ತಿಂದ ಅಂತೀರಿ, ನಮಗೆ ಮಕ್ಕಳಿಗೆ ಉಳೀಲೇ ಇಲ್ಲ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಕಡೆನೂ ಹಾಗೇ ಮಾಡೋರು! ಈಗ ನಾವು ಯಾರಿಗಾದ್ರೂ ಹೇಳ್ಬೇಕಾ?"

"ಈಗ ಯಾರಿಗೆ ಹೇಳೋದು? ಫೋನಲ್ಲಿ ನಮ್ಮ ನೆಂಟರ ಗ್ರೂಪಿಗೆ ಹಾಕಿದ್ರೆ, ಕೈ ಮುಗಿಯೋ ಬೊಂಬೆ ಒಂದೊಂದು ಒತ್ತಿ ಸುಮ್ನಾಗ್ತಾರೆ. ಅಳೋರು ಯಾರಿದಾರೆ?"

ಆ ನಗುವಿನ ನಡುವೆ ಮುಂಭಾಗದ ಮರದಿಂದ ಕೋಗಿಲೆಯ ಕೂಗು ಕೇಳಿತು. ಅದರ ಹಿಂದೆಯೇ ಕಾಗೆಯ ರೇಗಾಟ. ಶಕುಂತಲಮ್ಮ ಕಿವಿಗೊಟ್ಟು ಕೇಳಿ, "ಆ ಗೂಡಲ್ಲಿ ಕೋಗಿಲೆ ಮರಿ ಇದ್ರೂ ಇರಬೋದಲ್ವಾ?" ಎಂದರು.

"ಇರಬೋದು" ಎಂದಳು ವಸುಧಾ. ತನಗೆ ತಿಳಿದ ವಿಷಯ ಬಂದದ್ದೇ ಅವಳ ಸಂಕೋಚ ಹೋಯಿತು. ಮೆಟ್ಟಿಲಿನ ಹತ್ತಿರ ಬಂದು ಕೂತಳು. "ಪಾಪ, ಕಾಗೆಗೆ ಅದು ಗೊತ್ತಾಗಲ್ಲ."

"ಗೊತ್ತಿರತ್ತೆ ಕಣೇ" ಎಂದರು ಅವರು. "ತನ್ನದಲ್ಲ ಅಂತ ಗೊತ್ತಿದ್ರೂ, ಒಂದು ಸಲ ತುತ್ತು ಕೊಟ್ಟ ಮೇಲೆ ಬಿಡೋಕಾಗಲ್ಲ, ಅಷ್ಟೆ."

ವಸುಧೆಯ ಶಾಸ್ತ್ರ ಇದನ್ನು ಒಪ್ಪುವುದಿಲ್ಲವೆಂದು ನನಗೆ ಗೊತ್ತು. ಅವಳು ವಾದಿಸಲಿಲ್ಲ. ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮನ್ನು ಬೆರಗುಗೊಳಿಸಿದ್ದು ಕಾಗೆಯ ಜ್ಞಾನವಲ್ಲ, ಆ 'ಕಣೇ'. ನಮ್ಮ ಭಾಷೆಯಲ್ಲಿ ಹತ್ತಿರವಾಗುವುದಕ್ಕೆ ಎಷ್ಟೊಂದು ಸಣ್ಣ ಸಣ್ಣ ಬಾಗಿಲುಗಳಿವೆ! ಹೆಣ್ಣು ನೋಡಲು ಬಂದವರು 'ಏನಮ್ಮ' ಎನ್ನುತ್ತಾರೆ, 'ಏನು ಓದಿದೀರಿ' ಎನ್ನುತ್ತಾರೆ. 'ಕಣೇ' ಎನ್ನುವುದು ತಮ್ಮವರಿಗೆ ಮಾತ್ರ.

ವಸುಧೆಯ ಕೂದಲಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. "ಇಲ್ಲಿ ತಿರುಗು, ನೆಗಡಿ ಆಗತ್ತೆ" ಎಂದು ಶಕುಂತಲಮ್ಮ ತಮ್ಮ ಹೆಗಲ ಮೇಲಿನ ಟವಲು ತೆಗೆದು ಅವಳ ತಲೆ ಒರೆಸತೊಡಗಿದರು. ಒರೆಸುತ್ತಾ ಒರೆಸುತ್ತಾ ಕಿವಿಯ ಹಿಂದಿನ ಕೂದಲನ್ನು ಎತ್ತಿದರು. ಎರಡು ಮೊಳ ಮಲ್ಲಿಗೆ ಮುಚ್ಚಿದ್ದನ್ನು ಒಂದು ಟವಲು ಬಯಲು ಮಾಡಿತ್ತು. ಬಿಸಿಲಿನಲ್ಲಿ ಆ ಬೆಳ್ಳಿ ಎಳೆಗಳು ಮತ್ತಷ್ಟು ಹೊಳೆದವು. ಇವಳು ದೊಡ್ಡವಳು, ಇವಳು ದೊಡ್ಡವಳು ಎಂದು ಹೊಳೆದು ಹೇಳಿದವು. ಶಕುಂತಲಮ್ಮನವರ ಕೈ ನಿಂತಿತು.

"ನಿಂಗೂ ಇಲ್ಲೇ ಬೆಳ್ಳಗಾಗಿದೆಯಲ್ಲ" ಎಂದರು ಮೆಲ್ಲಗೆ. "ನಮ್ಮ ಮೋಹನಂಗೂ ಸರಿಯಾಗಿ ಇದೇ ಜಾಗದಲ್ಲಿ. ನಿನ್ನೆ ಕದ ಹಾಕ್ಕೊಂಡು ಕಪ್ಪು ಬಳ್ಕೋತಾ ಇದ್ದ, ಪೆದ್ದ."

ಟವಲು ಮತ್ತೆ ಚಲಿಸತೊಡಗಿತು. ಮೊದಲಿಗಿಂತ ನಿಧಾನವಾಗಿ.

ಆಮೇಲಿನದು ಹಬ್ಬ. ಚಕ್ಕುಲಿಯಂತೆ ಗಟ್ಟಿಯಾಗಿ ಸೋಫಾದ ತುದಿಯಲ್ಲಿ ಕೂತು, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವ ಶಾಸ್ತ್ರ ಯಾರಿಗೂ ನೆನಪಾಗಲಿಲ್ಲ. ತಣ್ಣೀರಿನ ಸ್ನಾನಕ್ಕೆ ಹಸಿವು ಕೆರಳಿ ಶಕುಂತಲಮ್ಮ ಅಡುಗೆಮನೆಗೇ ಬಂದು, "ನಿಮ್ಮ ಅಂಬೊಡೆ ಇರ್ಲಿ, ನಿಮಗೆ ಅಂತ ಮಾಡ್ಕೊಂಡ ಸಾರಿದೆಯಾ? ಬಿಸಿ ಅನ್ನಕ್ಕೆ ಹಾಕಿ ಕೊಡಿ" ಎಂದರು. ಒಲೆಯ ಪಕ್ಕದ ಮಣೆಯ ಮೇಲೆ ಕೂತು ಎರಡು ಸಲ ಹಾಕಿಸಿಕೊಂಡು ತಿಂದರು. ಮೆಣಸು ಮುಂದಾಯಿತೆಂದು ಹೇಳಲೂ ಮರೆಯಲಿಲ್ಲ. ಅಮ್ಮ ನಾಳೆಯಿಂದ ಕಮ್ಮಿ ಹಾಕುತ್ತೇನೆಂದಳು. ನಾಳೆ ಇವರು ಎಲ್ಲಿರುತ್ತಾರೆಂದು ಇಬ್ಬರೂ ಯೋಚಿಸಲಿಲ್ಲ. ಮೋಹನ್ ಜಗುಲಿಯಲ್ಲಿ ನಮ್ಮವರಿಂದ ಕಾಗೆಪುರಾಣ ಕೇಳುತ್ತಾ ಅಂಬೊಡೆಗಳನ್ನು ಒಬ್ಬನೇ ಮುಗಿಸುತ್ತಿದ್ದ. ತಾಯಿಯ ನಗು ಒಳಗಿನಿಂದ ಕೇಳಿದಾಗಲೆಲ್ಲ ಅವನು ಕಣ್ಣರಳಿಸಿ ಬಾಗಿಲ ಕಡೆ ನೋಡುತ್ತಿದ್ದನಂತೆ.

ಶಕುನವೆಂಬುದು ಸುಳ್ಳೆಂದು ಸಾಧಿಸಲು ನಾನು ಇದನ್ನು ಹೇಳುತ್ತಿಲ್ಲ. ಅಮ್ಮ ಇವತ್ತಿಗೂ ಎಳ್ಳೆಣ್ಣೆ ಹಚ್ಚುತ್ತಾಳೆ, ನಾನು ಬತ್ತಿ ಹೊಸೆದು ಕೊಡುತ್ತೇನೆ. ಆದರೆ ಯೋಚಿಸಿದಾಗೆಲ್ಲ ಅನಿಸುತ್ತದೆ: ಮನುಷ್ಯರು ಮನುಷ್ಯರನ್ನು ನೋಡಲು ಹೊರಡುವಾಗ ಎಷ್ಟೊಂದು ಹೊದ್ದುಕೊಂಡು ಹೋಗುತ್ತೇವೆ. ರೇಷ್ಮೆ, ಮಲ್ಲಿಗೆ, ಕಪ್ಪು ಬಣ್ಣ, ಮರ್ಯಾದೆಯ ಮಾತು. ಸೊಳ್ಳೆಗಾಗಲಿ, ಇರುವೆಗಾಗಲಿ, ಮರಿಯಿರುವ ಕಾಗೆಗಾಗಲಿ ಇದರ ಪರಿವೆಯಿಲ್ಲ. ಅವು ನೇರವಾಗಿ ಮೈಗೇ ಬರುತ್ತವೆ. ಆಗ ನಾವೂ ಬರೀ ಮೈಯವರಾಗುತ್ತೇವೆ. ಹೆದರಿ ಕೂಗುವವರು, ಓಡಿ ಬಂದು ಅಡ್ಡ ನಿಲ್ಲುವವರು, ಒದ್ದೆಯಾಗಿ ನಡುಗುವವರು, ಹಸಿಯುವವರು. ನಮ್ಮ ಬೆಚ್ಚಗಿನ ಊರಿನ ಕಾಟಗಳನ್ನು ನಾನು ಪ್ರೀತಿಸುತ್ತೇನೆಂದರೆ ಸುಳ್ಳಾದೀತು. ಅವಿಲ್ಲದ ಊರಿನಲ್ಲಿ ಬಾಗಿಲುಗಳು ಇನ್ನೂ ಗಟ್ಟಿಯಾಗಿ ಮುಚ್ಚಿರುತ್ತಿದ್ದವು ಎಂದಷ್ಟೇ ಹೇಳಬಲ್ಲೆ.

ಸಂಜೆ ಹೊರಡುವಾಗಲೂ ಶಕುಂತಲಮ್ಮ ಒಪ್ಪಿಗೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕೇಳುವ ಧೈರ್ಯ ನಮಗಿರಲಿಲ್ಲ. ಅಮ್ಮನ ನೂಲಿನ ಸೀರೆಯಲ್ಲೇ ಹೊರಟು ನಿಂತರು. ಹಸಿರು ರೇಷ್ಮೆ ಇನ್ನೂ ನೀರಿಳಿಸುತ್ತಿತ್ತು.

"ಒಣಗಿದ ಮೇಲೆ ಮಡಚಿ ಕಳಿಸಿಕೊಡ್ತೀವಿ" ಎಂದೆ ನಾನು.

"ಬೇಡ ಬೇಡ" ಎಂದರು ಅವರು. "ಇರ್ಲಿ, ನಾನೇ ಬಂದು ತಗೊಂಡು ಹೋಗ್ತೀನಿ."

ಅರ್ಧ ತೆರೆದ ಕೊಡೆಯನ್ನೇ ತಲೆಗೆ ಹಿಡಿದು ಗೇಟು ದಾಟಿಸಿ ಅವರನ್ನು ಬೀಳ್ಕೊಟ್ಟು ಬಂದೆವು. ರೇಷ್ಮೆ ಬಿಸಿಲಿಗೆ ಹಾಕಬಾರದೆಂದು ಅಮ್ಮನೂ ನಾನೂ ಅದನ್ನು ಮೇಲಿನ ಬಾಲ್ಕನಿಯ ನೆರಳಿಗೆ ತಂದು, ಎರಡು ತುದಿ ಹಿಡಿದು ಹಿಂಡದೆ ಕೊಡವಿ, ತಂತಿಯ ಮೇಲೆ ಉದ್ದಕ್ಕೆ ಹರಡಿದೆವು. ವಸುಧಾ ಪಕ್ಕದಲ್ಲೇ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಬೀದಿಯಾಚೆಯ ಬಾಲ್ಕನಿಯಿಂದ ಎದುರು ಮನೆಯಾಕೆ ಬಗ್ಗಿ ನೋಡಿ ಕೂಗಿದರು:

"ಯಾರದ್ರೀ ಆಂಟಿ ಅಷ್ಟು ಚೆನ್ನಾಗಿರೋ ಸೀರೆ? ಹೊಸದಾ?"

ಅಮ್ಮ ಸೀರೆಯ ಅಂಚನ್ನು ಅಂಗೈಯಿಂದ ನೀವಿ ಸರಿಮಾಡಿದಳು. ಅವಳು ಯಾವತ್ತೂ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಮ್ಮ ಬೀಗಿತ್ತೀದು ಕಣಮ್ಮಾ!"

ವಸುಧೆಯ ಕೈಯಲ್ಲಿದ್ದ ಚೊಂಬು ಕುಂಡ ತುಂಬಿ ಹರಿದರೂ ಸುರಿಯುತ್ತಲೇ ಇತ್ತು. ಆಮೇಲೆ ಅವಳು ಅದನ್ನು ಕೆಳಗಿಟ್ಟು, ಸೀರೆಯ ಮಡಿಕೆ ಬಿಡಿಸುವ ನೆಪದಲ್ಲಿ ಅದರ ಹಿಂದೆ ಹೋಗಿ ನಿಂತಳು. ಬಹಳ ಹೊತ್ತು ಈಚೆಗೆ ಬರಲಿಲ್ಲ.